ಅವೆಲಿನೊನ ಹಾಡು ಯಾರ ಮೇಲೆ

ಎಲ್ ತ್ರುಪಿಯೊ ಎಂಬ ಊರಿನಲ್ಲಿ ಯಾರೂ ಸುಮ್ಮಸುಮ್ಮನೆ ಹಾಡು ಕಟ್ಟುವುದಿಲ್ಲ. ಪ್ರತಿ ಹಾಡೂ ಊರಿನ ಯಾರಾದರೊಬ್ಬರ ಮೇಲೆ ಇರಲೇಬೇಕು, ಅವರೇ ಅದರ ವಾರಸುದಾರರು. ಹೊಗಳಿಕೆಯೋ ಬೈಗುಳವೋ ಆಮೇಲಿನ ಮಾತು. ಹಾಡಿನೊಳಗೆ ಸೇರಿದರೆ ಸಾಕು, ಸತ್ತ ಮೇಲೂ ಹೆಸರು ಉಳಿಯುತ್ತದೆ. ಅದಕ್ಕೇ ದನದ ಸಾಹುಕಾರ ದೋನ್ ಒವಿದಿಯೊ, ತನ್ನನ್ನು ಹಂಗಿಸುತ್ತದೆಂದು ಊರೆಲ್ಲ ನಂಬಿದ್ದ ಹಾಡನ್ನೇ ಪ್ರತಿ ಹುಟ್ಟುಹಬ್ಬಕ್ಕೂ ಎದೆಯುಬ್ಬಿಸಿಕೊಂಡು ಹಾಡಿಸುತ್ತಿದ್ದ.

ಹಾಡಿನ ಸಾರ ಇಷ್ಟೆ: ಸೂರಿನ ಗರಿ ಹೋಗಿ ಹೆಂಚು ಬಂತು, ಮಣ್ಣಿನ ನೆಲಕ್ಕೆ ಟೈಲ್ಸ್ ಬಂತು, ಮೂಲೆಗೆ ಫ್ರಿಜ್ ಬಂತು, ಗೆದ್ದ ಮನೆ ಅನ್ನುತ್ತಾರೆ ಜನ, ಆ ಮನೆಯಲ್ಲಿ ನಗುವವರೇ ಇಲ್ಲ. ಅದನ್ನು ಕಟ್ಟಿದ ಅವೆಲಿನೊ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಹೆಂಡತಿ ಎದಿಲ್ಮಾ ಬಟ್ಟೆ ಹೊಲಿದು ಬದುಕುತ್ತಿದ್ದಳು. ಹಾಡು ಕಿವಿಗೆ ಬಿದ್ದರೆ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು. ಹೆಂಚಿಗೆ ಹಟ ಹಿಡಿದವಳು ಅವಳು. ಪಕ್ಕದ ಮನೆಯ ಫ್ರಿಜ್ ನೋಡಿ ಹೊಟ್ಟೆ ಉರಿದುಕೊಂಡು, ಗಂಡ ಹಾಡಿಗೆ ನುಡಿಸುತ್ತಿದ್ದ ಅಕಾರ್ಡಿಯನ್ ಮಾರಿಸಿದವಳೂ ಅವಳೇ. ಅವನು ಜಗಳವಾಡಲಿಲ್ಲ. ಬರಿಗೈಯಲ್ಲಿ ಕೂತು ಈ ಹಾಡು ಕಟ್ಟಿದ. ಯಾರ ಮೇಲಪ್ಪಾ ಎಂದು ಕೇಳಿದವರಿಗೆ ಬರೀ ನಕ್ಕ. ಒವಿದಿಯೊ ಕೂಡ ಗರಿಯ ಗುಡಿಸಲಿನಿಂದ ಮೇಲೆ ಬಂದವನಾದ್ದರಿಂದ ಊರು ಹಾಡಿಗೆ ಅವನ ಹೆಸರು ಹಚ್ಚಿತು.

ಒಂದು ಭಾನುವಾರ ಬೆಳಿಗ್ಗೆ ವಯ್ಯೆದುಪಾರ್ ಪಟ್ಟಣದಿಂದ ರೇಡಿಯೊದ ನೊಲ್ಬೆರ್ತೊ ಆ ಹಾಡಿನ ಕಥೆ ದಾಖಲಿಸಲು ಬಂದ. ಇಗರ್ಜಿಯ ಮುಂದೆ ಜನ ಸೇರಿದರು. ಹೊಸ ಟೋಪಿ ಹಾಕಿದ ದೋನ್ ಒವಿದಿಯೊ ಮುಂದಿನ ಕುರ್ಚಿಯಲ್ಲಿದ್ದ. ಹಾಡು ಕಟ್ಟಿದವನ ಹೆಂಡತಿಯ ಬಾಯಿಂದ ಒಂದು ಮಾತು ಬಂದರೆ ಸಾಕೆಂದು ನೊಲ್ಬೆರ್ತೊ ಮೈಕನ್ನು ಎದಿಲ್ಮಾಳ ಮುಂದೆ ಹಿಡಿದ. ಅವಳು ಮೈಕಿನತ್ತ ಬಾಗಿದಳು. ಈಗ ಸುಮ್ಮನಿದ್ದರೆ ಅವೆಲಿನೊನ ಸಂಕಟ ಶಾಶ್ವತವಾಗಿ ಬೇರೆಯವರ ಪಾಲಾಗುತ್ತದೆ.

"ಅದು ದೋನ್ ಒವಿದಿಯೊ ಮೇಲಲ್ಲ. ನನ್ ಮೇಲೆ ಕಟ್ಟಿದ್ದು. ಅತಿಯಾಸೆ ನಂದು," ಎಂದಳು.

ಜನ ಮುಖ ಮುಖ ನೋಡಿಕೊಂಡರು, ಆಮೇಲೆ ನಕ್ಕರು. ಸೂಜಿ ದಾರದ ಬಡವಿಗೆ ಎಲ್ಲಿಯ ಅತಿಯಾಸೆ, ರೇಡಿಯೊ ಬಂದಿದೆ ಅಂತ ಹೆಸರಿಗೆ ಆಸೆಪಟ್ಟಿದ್ದಾಳೆ ಎಂದು ಹಿಂದಿನಿಂದ ಯಾರೋ ಅಂದರು. ನೊಲ್ಬೆರ್ತೊ ಮೈಕು ಹಿಂದಕ್ಕೆ ತೆಗೆದುಕೊಂಡ. ಅವಳು ಮತ್ತೊಮ್ಮೆ ಹೇಳಿದಳು, ಯಾರೂ ಕೇಳಿಸಿಕೊಳ್ಳಲಿಲ್ಲ.

ದೋನ್ ಒವಿದಿಯೊಗೆ ಸಿಟ್ಟೇನೂ ಬರಲಿಲ್ಲ. ಟೋಪಿ ತೆಗೆದು, ಬೇಡುವವನ ದನಿಯಲ್ಲಿ ಹೇಳಿದ: "ಎಲ್ಲಾ ನಿಂಗೇ ಬೇಕು ಅಂದ್ರೆ ಹೆಂಗಮ್ಮಾ ಎದಿಲ್ಮಾ? ಇದೊಂದಾದ್ರೂ ನಂಗಿರ್ಲಿ ಬಿಡು."

ಅಕಾರ್ಡಿಯನ್ ಮಾರಿದ ದಿನ ಅವೆಲಿನೊ ಹೇಳಬೇಕಾಗಿದ್ದ ಮಾತು ಅದು. ಅವನು ಹೇಳಿರಲಿಲ್ಲ.

"ಆಯ್ತು, ನಿಮಗೇ ಇರ್ಲಿ," ಎಂದಳು ಎದಿಲ್ಮಾ.