ಒಣಗಿಸಬಾರದಿದ್ದ ಗಂಜಿ

ನನ್ನ ಬಾಯಿಗೆ ಒಂದು ಚಟವಿದೆ. ಎದುರಿನವರು ಕೇಳಿ ಮುಗಿಸುವ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ. ಪುಣೆಯ ಬಿಬವೇವಾಡಿಯ ಮನೆಯಲ್ಲಿ ಅದಕ್ಕಾಗಿ ಅವ್ವನಿಂದ ಬೈಸಿಕೊಳ್ಳದ ದಿನವಿಲ್ಲ. ಆದರೆ ಈ ಚಟ ಒಬ್ಬರ ಅನ್ನಕ್ಕೇ ಕಲ್ಲು ಹಾಕೀತೆಂದು ಎಣಿಸಿರಲಿಲ್ಲ.

ಮೂರು ವರ್ಷ ಅಲ್ಲಿಯ ಒಂದು ಪ್ರಯೋಗಾಲಯದಲ್ಲಿ ನಾನು ಕಬ್ಬಿನ ಸಿಪ್ಪೆಯಿಂದ ನ್ಯಾನೋ ನಾರು ತೆಗೆಯುತ್ತಿದ್ದೆ. ಕೂದಲಿಗಿಂತ ಸಾವಿರಾರು ಪಟ್ಟು ಸಪೂರ. ನೀರಿನಲ್ಲಿದ್ದಾಗ ಬಿಳಿ ಗಂಜಿಯ ಹಾಗೆ ಕಾಣುತ್ತದೆ. ಮಣ್ಣಿನಲ್ಲಿ ಕೊಳೆಯುವ ಪ್ಲಾಸ್ಟಿಕ್ ಚೀಲಕ್ಕೆ ಎರಡು ಕಿಲೋ ಬಟಾಟೆ ಹಾಕಿದರೆ ಹರಿಯುತ್ತದೆ, ಈ ನಾರು ಬೆರೆತರೆ ತಡೆಯುತ್ತದೆ. ಒಂದೇ ಶರತ್ತು, ಗಂಜಿಯನ್ನು ಒಣಗಿಸಬಾರದು. ಒಮ್ಮೆ ಒಣಗಿತೆಂದರೆ ನಾರುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಆಮೇಲೆ ಎಷ್ಟು ನೆನೆಸಿದರೂ ಬಿಡುವುದಿಲ್ಲ.

ರಾಂಜಣಗಾಂವದ ಒಂದು ಕಾರ್ಖಾನೆಯ ಮಾಲೀಕರು ಒಂದೇ ಒಂದು ದಿನಕ್ಕೆ ತಮ್ಮ ಪ್ಲಾಸ್ಟಿಕ್ ಹಾಳೆಯ ಯಂತ್ರ ಕೊಡಲು ಒಪ್ಪಿದರು. ಅದನ್ನು ನಡೆಸುತ್ತಿದ್ದವರು ಬೆಳಗಾವಿ ಕಡೆಯ ಹಿರಿಯರು. ನಾನು ಕನ್ನಡದವಳೆಂದು ತಿಳಿದ ದಿನದಿಂದ ಅವರ ಡಬ್ಬಿಯ ಶೇಂಗಾ ಚಟ್ನಿಯಲ್ಲಿ ನನಗೂ ಪಾಲಿತ್ತು. ನಾನು ಅವರಿಗೆ ಕಾಕಾ ಎನ್ನುತ್ತಿದ್ದೆ, ಅವರು ನನಗೆ ಅಕ್ಕಾರ. ಅಲ್ಲಿ ಪ್ಲಾಸ್ಟಿಕ್ ಕಾಳನ್ನು ಯಂತ್ರಕ್ಕೆ ಸುರಿಯುವ ಮುನ್ನ ಚೆನ್ನಾಗಿ ಒಣಗಿಸುತ್ತಾರೆ. ತೇವ ಉಳಿದರೆ ಹಾಳೆಯಲ್ಲಿ ಗುಳ್ಳೆ ಏಳುತ್ತದೆ. ಆ ಒಂದು ದಿನದ ತಯಾರಿಗೆಂದು ತಿಂಗಳುಗಟ್ಟಲೆ ಹೋಗಿಬಂದು ಅದನ್ನೇ ಅವರ ತಲೆಗೆ ತುಂಬಿದವಳು ನಾನು. ಮೊದಲೇ ಕ್ಯಾನುಗಳಲ್ಲಿ ತುಂಬಿ ಕಳಿಸಿದ್ದ ಗಂಜಿಯನ್ನು ಮಾತ್ರ ಹಸಿಯಾಗಿಯೇ ಹಾಕಬೇಕಿತ್ತು. ಅದನ್ನು ಹೇಳಲು ನಾನೇ ಅಲ್ಲಿರುತ್ತೇನಲ್ಲ ಎಂದುಕೊಂಡಿದ್ದೆ.

ಹಿಂದಿನ ದಿನ ಕ್ಯಾಂಪ್ ಪೇಟೆಯ ಅಂಗಡಿಯಲ್ಲಿ, ಮರುದಿನ ಎಲ್ಲರಿಗೂ ಹಂಚಲೆಂದು ಬಿಸ್ಕಿಟು ಕಟ್ಟಿಸಿಕೊಳ್ಳುತ್ತಿದ್ದೆ. ಗೆದ್ದೇಬಿಟ್ಟೆ ಎನ್ನುವ ಕೊಬ್ಬು ನೋಡಿ! ಕಾಕಾ ಫೋನ್ ಮಾಡಿದರು.

"ಅಕ್ಕಾರ, ಕ್ಯಾನಿನ್ಯಾಗಿಂದೂ ಒಣಗಸೂದೇನ್ರಿ?"

"ಹೌದ್ರಿ ಕಾಕಾ, ಎಲ್ಲಾ ಒಣಗಸ್ರಿ. ಒಂದ್ ಹನಿ ನೀರ ಇರಬಾರದು." ಒಣಗಿಸುವ ಮಾತು ಕಿವಿಗೆ ಬಿದ್ದದ್ದೇ ತಡ, ಕಾಳಿನದೇ ಮಾತೆಂದುಕೊಂಡು ಬಾಯಿ ಓಡಿತ್ತು.

ಬೆಳಿಗ್ಗೆ ಹೋದರೆ ಗಂಜಿ ಒಣಗಿ ಟ್ರೇ ತುಂಬ ಹಪ್ಪಳ.

"ಭಾಳ ಛಲೋ ಒಣಗ್ಯಾವ್ರಿ," ಎಂದು ಕಾಕಾ ಒಂದು ತುಂಡನ್ನು ಲಟಕ್ಕೆಂದು ಮುರಿದು ತೋರಿಸಿದರು.

ಅರೆದೆ, ನೆನೆಸಿದೆ, ಮತ್ತೆ ಅರೆದೆ. ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಯಂತ್ರದಿಂದ ಹೊರಬಂದ ಹಾಳೆಯಲ್ಲೆಲ್ಲ ರವೆಯಂಥ ಗಂಟು. ಮಾಲೀಕರು ಎರಡು ಬೆರಳಲ್ಲಿ ಎಳೆದರು, ಹರಿಯಿತು.

"ಹೇ ಕುಣೀ ವಾಳವ್ಲ?" ಒಣಗಿಸಿದ್ದು ಯಾರೆಂದು ಅವರು ಮರಾಠಿಯಲ್ಲಿ ಕೇಳಿದರು.

"ಮೀಚ್, ಸಾಹೇಬ." ನಾನೇ ಎಂದ ಕಾಕಾ ನನ್ನ ಕಡೆ ನೋಡಿದರು. ಒಣಗಿಸಲು ಹೇಳಿದವಳು ಮಾತಾಡಲಿ ಎಂದು ಕಾದರು. ನಾನು ಹರಿದ ಹಾಳೆಯನ್ನೇ ನೋಡುತ್ತ ನಿಂತೆ. ಹಾಳು ಬಾಯಿ, ಆಡಬೇಕಾದ ಹೊತ್ತಿಗೆ ಆಡಲಿಲ್ಲ.

ಆ ಯಂತ್ರ ನಮಗೆ ಮತ್ತೆ ಸಿಗಲಿಲ್ಲ, ಯೋಜನೆ ಮುಚ್ಚಿತು. ನಾನೀಗ ಬೇರೆ ಕಡೆ ಕೆಲಸದಲ್ಲಿದ್ದೇನೆ. ಇದ್ದೇನೆ, ಅಷ್ಟೇ. ತರಕಾರಿ ಮಂಡಿಯಲ್ಲಿ ಯಾರದಾದರೂ ಚೀಲ ಹರಿದು ಬಟಾಟೆ ಉರುಳಿದರೂ ಸಾಕು, ಕಾರ್ಖಾನೆಯ ಗೇಟು ಕಣ್ಣಮುಂದೆ ಬರುತ್ತದೆ.

ಆ ವಾರವೇ ಕಾಕಾ ಅವರನ್ನು ಕೆಲಸದಿಂದ ತೆಗೆದರು. ಅವತ್ತು ನಾನು ಖಾಲಿ ಕ್ಯಾನು ತರಲು ಹೋಗಿದ್ದೆ. ಅವರು ಊಟದ ಡಬ್ಬಿ ಹಿಡಿದು ಗೇಟಿನಲ್ಲಿ ನನಗಾಗಿ ಕಾದಿದ್ದರು. ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ನೀವು ಅಂದದ್ದು ಕಾಳಿಗಷ್ಟ ಇರಬೇಕ್ರಿ. ನಂದss ತಪ್ಪು. ನನ್ನಿಂದ ನಿಮ್ಮ ಮೂರ ವರ್ಷದ ಕೆಲಸಾ ಕೆಟ್ಟು ಹೋತ್ರಿ, ಅಕ್ಕಾರ."

"ಇರಲಿ ಬಿಡ್ರಿ ಕಾಕಾ," ಅಂದೆ ನಾನು.