ಸ್ಕ್ಯಾನರಿನಲ್ಲಿ ಕೇಳಿಬಂದ ಮನೆ ನಂಬರು

ಸ್ಯಾನ್ ರಮೋನಿನ ನಮ್ಮ ಅಪಾರ್ಟ್‌ಮೆಂಟಿನ ಹಿಂದಿರುವ ಗುಡ್ಡದ ಒಣಹುಲ್ಲಿಗೆ ಕಳೆದ ಬೇಸಿಗೆಯಲ್ಲಿ ಬೆಂಕಿ ಬಿತ್ತು. ಕರೆಂಟು ಹೋಯಿತು, ಫೋನಿನ ಸಿಗ್ನಲ್ಲೂ ಹೋಯಿತು. ಹೊರಡಬೇಕೋ ಇರಬೇಕೋ ತಿಳಿಯದೆ ನಾನೂ ನನ್ನ ಗಂಡನೂ ಪಾಸ್‌ಪೋರ್ಟು ಹಿಡಿದುಕೊಂಡು ಸಂಜೆಯವರೆಗೆ ಕಾರಿನಲ್ಲಿ ಕೂತಿದ್ದೆವು. ಬೆಂಕಿ ನಮ್ಮ ಕಡೆಗೆ ಬರಲಿಲ್ಲ. ಆದರೆ ಇನ್ನೊಮ್ಮೆ ಹಾಗೆ ಕಣ್ಣು ಕಟ್ಟಿದವರಂತೆ ಕೂರಬಾರದು ಎಂದು ನಿಶ್ಚಯಿಸಿ ಫೈರ್‌ನವರ ವೈರ್‌ಲೆಸ್ ಮಾತುಕತೆ ಕೇಳಿಸುವ ಒಂದು ಸ್ಕ್ಯಾನರ್ ರೇಡಿಯೋ ಕೊಳ್ಳಲು ಹೊರಟೆ.

ಆಫೀಸಿನಲ್ಲಿ ರೇಡಿಯೋ ಹುಚ್ಚಿನ ಸಹೋದ್ಯೋಗಿಯೊಬ್ಬರಿದ್ದಾರೆ, ಬೆಂಗಳೂರಿನವರು. ಅವರನ್ನು ಕೇಳಿದೆ.

"ನಿಮಗೆ ಏನು ಗೊತ್ತಾಗ್ಬೇಕು, ಅದು ಹೇಳಿ ಮೊದಲು," ಎಂದರು.

"ಬೆಂಕಿ ಬಂದ್ರೆ ಗೊತ್ತಾಗ್ಬೇಕು, ಅಷ್ಟೆ."

"ಹಾಗಿದ್ರೆ ವೆದರ್ ರೇಡಿಯೋ ಸಾಕು. ಸರ್ಕಾರದವರು ಬೆಂಕಿ, ಬಿರುಗಾಳಿ ಎಚ್ಚರಿಕೆ ಕೊಟ್ಟಾಗ ಅದೇ ಕೂಗ್ಕೊಳ್ಳುತ್ತೆ. ಇಲ್ಲ, ಸ್ಕ್ಯಾನರ್ರೇ ಬೇಕು ಅಂದ್ರೆ ನಿಮ್ಮೂರಿನ ಫೈರ್‌ನವರು ಅನಲಾಗಲ್ಲಿ ಮಾತಾಡ್ತಾರೋ ಡಿಜಿಟಲ್ಲಲ್ಲೋ ನೋಡ್ಕೊಳ್ಳಿ. ಅನಲಾಗ್ ಸೆಟ್ಟಲ್ಲಿ ಡಿಜಿಟಲ್ ಕೇಳ್ಸಲ್ಲ. ಪೊಲೀಸ್‌ನವರದ್ದು ಲಾಕ್ ಮಾಡಿರ್ತಾರೆ, ಅದರಾಸೆ ಬಿಡಿ. ಮಾಮೂಲಿ ಪೆನ್ಸಿಲ್ ಸೆಲ್ ಹಾಕೋಂಥದ್ದು ತಗೊಳ್ಳಿ, ಕರೆಂಟ್ ಹೋದಾಗ ಚಾರ್ಜ್ ಎಲ್ಲಿ ಮಾಡ್ತೀರಾ?"

ಅಂಗಡಿಯಲ್ಲಿ ಎರಡನ್ನೂ ಕೈಯಲ್ಲಿ ಹಿಡಿದು ನೋಡಿದೆ. ನನಗೆ ಬೇಕಾದ ಕೆಲಸಕ್ಕೆ ವೆದರ್ ರೇಡಿಯೋ ಸಾಕಿತ್ತು. ಆದರೆ ಸ್ಕ್ಯಾನರಿನಲ್ಲಿ ಮನುಷ್ಯರ ಮಾತು ಕೇಳುತ್ತಿತ್ತು. ನಮ್ಮ ಕಡೆ ಫೈರ್ ಮತ್ತು ಆಂಬುಲೆನ್ಸಿನ ಕರೆಗಳು ಅನಲಾಗಿನಲ್ಲೂ ಬರುತ್ತವೆ ಎಂದು ಖಚಿತಪಡಿಸಿಕೊಂಡು ಅಂಗೈಯಗಲದ, ನಂಬರಿನ ಗುಂಡಿಗಳಿದ್ದ ಸಾದಾ ಸ್ಕ್ಯಾನರನ್ನೇ ಆರಿಸಿದೆ. ಸುರಕ್ಷತೆಗಾಗಿ ಎಂದು ಗಂಡನಿಗೆ ಹೇಳಿದೆ. ಅದು ಪೂರ್ತಿ ನಿಜವಲ್ಲ ಎಂದು ಅಂಗಡಿಯಲ್ಲೇ ನನಗೆ ಗೊತ್ತಿತ್ತು.

ಬೆಂಕಿಯ ಕಾಲ ಮುಗಿದ ಮೇಲೂ ಅದು ಅಡುಗೆಮನೆಯ ಕಟ್ಟೆಯ ಮೇಲೇ ಇತ್ತು. ತರಕಾರಿ ಹೆಚ್ಚುತ್ತಾ ಕೇಳುತ್ತಿದ್ದೆ. ಯಾರೋ ಮೆಟ್ಟಿಲಿನಿಂದ ಬಿದ್ದರು, ಯಾರಿಗೋ ಎದೆನೋವು. ಅಯ್ಯೋ ಪಾಪ ಎಂದುಕೊಂಡು ಒಗ್ಗರಣೆ ಹಾಕುತ್ತಿದ್ದೆ.

ಒಂದು ಶನಿವಾರ ಬೆಳಿಗ್ಗೆ ನಮ್ಮದೇ ಬೀದಿಯ ಹೆಸರು ಬಂತು. ನಂತರ ನಮ್ಮದೇ ಕಟ್ಟಡ, ಕೆಳಗಿನ ಮನೆಯ ನಂಬರು. ಹೆಂಗಸು, ಅವಳ ವಯಸ್ಸು, ಗರ್ಭಿಣಿ, ಮೂರನೇ ತಿಂಗಳು, ತುಂಬಾ ರಕ್ತ ಹೋಗುತ್ತಿದೆ.

ಆ ಮನೆಯಲ್ಲಿದ್ದವಳು ಧಾರವಾಡದವಳು, ನನ್ನನ್ನು ಅಕ್ಕಾ ಎಂದು ಕರೆಯುವ ಗೆಳತಿ. ಇಬ್ಬರೂ ದಿನಾ ಸಂಜೆ ವಾಕಿಂಗ್ ಹೋಗುತ್ತಿದ್ದೆವು. ಬಸುರಿಯಾದ ಸುದ್ದಿಯನ್ನು ಅವಳು ನನಗೆ ಹೇಳಿರಲಿಲ್ಲ. ಓಡಿಹೋಗಲೇ ಎಂದುಕೊಂಡೆ. ಹೇಗೆ ಗೊತ್ತಾಯಿತು ಎಂದರೆ ಏನು ಹೇಳಲಿ? ಕಿಟಕಿಯ ಪರದೆಯ ಹಿಂದೆ ನಿಂತೆ. ದುಪಟ್ಟಾವನ್ನು ಮುಖದ ಮೇಲೆ ಎಳೆದುಕೊಂಡು ಮಲಗಿದ್ದ ಅವಳನ್ನು ಆಂಬುಲೆನ್ಸಿಗೆ ಏರಿಸಿದರು. ಅವಳ ಗಂಡ ಚಪ್ಪಲಿ ಹಾಕಿಕೊಳ್ಳದೆ ಹಿಂದೆಯೇ ಹತ್ತಿದರು.

ಮನೆಗೆ ಬಂದ ಮೇಲೆ ಅವಳೇ ಮೆಸೇಜ್ ಕಳಿಸಿದಳು: ಹೊಟ್ಟೆ ಇನ್ಫೆಕ್ಷನ್ ಆಗಿತ್ತು, ಈಗ ಪರವಾಗಿಲ್ಲ.

ನಾನು ಯೋಚಿಸದೆ ಇಂಡಿಯನ್ ಗ್ರೋಸರಿಗೆ ಹೋಗಿ ಅಂಟು, ಒಣಕೊಬ್ಬರಿ, ಉತ್ತುತ್ತೆ ತಂದು ತುಪ್ಪದಲ್ಲಿ ಹುರಿದು, ಬೆಲ್ಲದ ಪಾಕ ಹಾಕಿ ಉಂಡೆ ಕಟ್ಟಿದೆ. ಬಾಣಂತಿಯರಿಗೆ ಕೊಡುವ ಆ ಉಂಡೆಯನ್ನು ನನಗೆ ಕಲಿಸಿದವಳೇ ಅವಳು. ಡಬ್ಬಿಗೆ ತುಂಬಿ ಕೆಳಗೆ ಒಯ್ದು ಕೊಟ್ಟೆ. ಅವಳು ಮುಚ್ಚಳ ತೆಗೆದು ಒಂದು ಉಂಡೆಯನ್ನು ಕೈಗೆತ್ತಿಕೊಂಡಳು.

"ಹೊಟ್ಟಿ ಕೆಟ್ಟವ್ರಿಗೆ ಯಾರರೆ ಅಂಟಿನುಂಡಿ ತರ್ತಾರೇನ್ರಿ ಅಕ್ಕಾ?"

ಸುಳ್ಳು ಹೊಳೆಯಲಿಲ್ಲ. ರೇಡಿಯೋದ ವಿಷಯ ಹೇಳಿದೆ.

"ನನ್ನ ಹೆಸರೂ ಹೇಳಿದ್ರೇನು?"

"ಇಲ್ಲ ಕಣೆ. ಬರೀ ಮನೆ ನಂಬರು."

"ಉಳಿದದ್ದೆಲ್ಲಾ ಹೇಳಿದ್ರು, ಹೌದಲ್ಲ?" ಅವಳು ಡಬ್ಬಿಯನ್ನು ಮುಚ್ಚಿದಳು. "ನಮ್ಮ ಅವ್ವಗೂ ಹೇಳಿಲ್ಲ ನಾ."

ಬಯ್ದಿದ್ದರೆ ಹಗುರಾಗುತ್ತಿತ್ತೇನೋ. ಅವಳು ಬಯ್ಯಲಿಲ್ಲ. ನಾನು ಮೇಲೆ ಬಂದು ಸೆಲ್ಲುಗಳನ್ನು ಕಿತ್ತು, ಸ್ಕ್ಯಾನರನ್ನು ಸಹೋದ್ಯೋಗಿಗೆ ಕೊಟ್ಟುಬಿಟ್ಟೆ.

ಹಲವು ವಾರ ಒಬ್ಬಳೇ ವಾಕಿಂಗ್ ಹೋದೆ. ಆಮೇಲೊಂದು ಸಂಜೆ ಅವಳು ಶೂ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಇಬ್ಬರೂ ಪಾರ್ಕಿನ ಅರ್ಧ ಸುತ್ತು ಹಾಕಿದೆವು. ಆಮೇಲೆ ಅವಳಾಗಿಯೇ ಹೇಳತೊಡಗಿದಳು. ಆಸ್ಪತ್ರೆಯ ತಣ್ಣನೆಯ ಕೋಣೆ, ಸ್ಕ್ಯಾನಿಂಗ್ ಮಾಡುವಾಗ ಸ್ಕ್ರೀನನ್ನು ಅವಳಿಂದ ಆಚೆಗೆ ತಿರುಗಿಸಿಕೊಂಡ ನರ್ಸು, ಮಗುವಿಗೆಂದು ಮನಸ್ಸಿನಲ್ಲೇ ಇಟ್ಟಿದ್ದ ಹೆಸರು.

"ಬ್ಯಾರೆ ಯಾರ ಮುಂದೂ ಹೇಳ್ಕೊಳ್ಳಿಕ್ಕೆ ಆಗೂದಿಲ್ರಿ," ಎಂದಳು. "ನಿಮಗ ಹೆಂಗೂ ಗೊತ್ತದ."

ಈಗಲೂ ಆಗಾಗ ಹೇಳುತ್ತಾಳೆ. ನಾನು ಅವಳ ಕೈ ಹಿಡಿದುಕೊಂಡು ಕೇಳುತ್ತೇನೆ. ಕದ್ದು ಕೇಳಿದ ನನಗೇ ಅವಳು ಹೀಗೆ ನಂಬಿ ಹೇಳುವಾಗ ತಲೆ ಎತ್ತಿ ಅವಳ ಮುಖ ನೋಡಲು ನನ್ನಿಂದ ಆಗುವುದಿಲ್ಲ.