ಬಲಗೋಡೆಯ ಗೆರೆ

ಖಾನಾಪುರದ ಗುಡ್ಡದೊಳಗೆ ನೀರಿನ ಸುರಂಗ ತೋಡುವಾಗ ನನ್ನದು ಸರ್ವೇ ಕೆಲಸ. ಎದುರಿನ ಬಂಡೆಯ ಮೇಲೆ ಕಮಾನಿನ ಆಕಾರದಲ್ಲಿ ಕೆಂಪು ಗೆರೆ ಎಳೆಯುತ್ತಿದ್ದೆ. ಆ ಗೆರೆಯುದ್ದಕ್ಕೂ ರಂಧ್ರ ಕೊರೆದು, ಮದ್ದು ತುಂಬಿ ಸಿಡಿಸಿದರೆ ಬಂಡೆ ಗೆರೆಗೆ ಸರಿಯಾಗಿ ಒಡೆಯಬೇಕು. ಹೆಚ್ಚು ಒಡೆದರೆ ಆ ಗುಳಿಗೆಲ್ಲ ಕಾಂಕ್ರೀಟು ಸುರಿಯಬೇಕು, ಸುತ್ತಲಿನ ಕಲ್ಲೂ ಸಡಿಲವಾಗುತ್ತದೆ.

ಎಡಗೋಡೆ ಬೆಣ್ಣೆ ಕೊಯ್ದಂತೆ ಬರುತ್ತಿತ್ತು. ಬಲಗೋಡೆ ಮಾತ್ರ ಪ್ರತಿ ಸಲವೂ ಗೆರೆ ದಾಟಿ ಗೇಣುದ್ದ ಹೆಚ್ಚಿಗೆ ಕಿತ್ತುಬರುತ್ತಿತ್ತು. ಸೈಟಿನ ಇಂಜಿನಿಯರ್ ಸಾಹೇಬರು ಎಲ್ಲರೆದುರು ನನ್ನನ್ನೇ ಹಿಡಿದರು.

"ಗೆರಿ ನಿಮ್ಮದ, ತಪ್ಪೂ ನಿಮ್ಮದ. ನಾಳೀನೂ ಹಿಂಗ ಆದ್ರ ಕ್ಯಾಂಪಿನ ಆಫೀಸಿನ್ಯಾಗ ಹೋಗಿ ಕುಂದರ್ರಿ."

ಶಹರದಲ್ಲಿರುವ ಆ ಆಫೀಸಿಗೆ ವಡಗಾವಿಯ ನಮ್ಮ ಮನೆಯಿಂದಲೇ ಹೋಗಿಬರಬಹುದು, ಅವ್ವನಿಗಾದರೆ ಖುಷಿಯೇ. ನನಗೆ ಸಂಕಟ. ಅದುವರೆಗೆ ಯಾರೂ ಕಾಣದ ಕಲ್ಲನ್ನು ಮೊದಲು ಕಾಣುವ ಕೆಲಸ ಬಿಟ್ಟು ಕುರ್ಚಿ ಬಿಸಿ ಮಾಡುವುದು ನನಗೆ ಸುತಾರಾಂ ಬೇಡವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕಲ್ಲು ಎರಡೂ ಕಡೆ ಒಂದೇ, ಮದ್ದೂ ಒಂದೇ, ಬಲಗಡೆಯೇ ಯಾಕೆ ಎಂಬ ಪ್ರಶ್ನೆ ತಲೆ ತಿನ್ನುತ್ತಿತ್ತು.

ಮರುದಿನ ಗೆರೆ ಎಳೆದವಳು ಹೊರಗೆ ಹೋಗದೆ ಅಲ್ಲೇ ನಿಂತೆ. ಬಲಗೋಡೆಗೆ ಒತ್ತಿ ಒಂದು ಸ್ಟೂಲು, ಅದರ ಮೇಲೆ ಕುಂಕುಮ ಹಚ್ಚಿದ ಒಂದು ಕಲ್ಲು. ಮೊದಲ ಸಲ ಸಿಡಿಸಿದಾಗ ಸಿಕ್ಕ ಆ ಕಲ್ಲೇ ಕೆಲಸಗಾರರ ಪಾಲಿಗೆ ದೇವಿ. ಸಿಡಿಸುವ ಮುಂಚೆ ಹೊರಗೆ ಒಯ್ಯುತ್ತಾರೆ, ಕೊರೆಯುವಾಗ ಮತ್ತೆ ತಂದಿಡುತ್ತಾರೆ. ಎಡಕ್ಕೆ ನೀರು ಹರಿಯುವುದರಿಂದ ಅವಳ ಜಾಗ ಸದಾ ಬಲಕ್ಕೆ. ದಿನಾ ಕೈಮುಗಿಯುತ್ತಿದ್ದ ನಾನು ಆ ದಿನ ನೋಡಿದ್ದು ಕೊರೆಯುವ ಮೇಸ್ತ್ರಿಯ ಕಾಲನ್ನು. ಅದು ಸ್ಟೂಲಿಗೆ ತಾಗಬಾರದೆಂದು ಅವರು ದೂರ ಸರಿದು ನಿಂತಿದ್ದರು. ರಂಧ್ರದ ಬಾಯಿ ನನ್ನ ಗೆರೆಯ ಮೇಲೇ ಇತ್ತು. ಆದರೆ ಕೊರೆಯುವ ಯಂತ್ರದ ಹಿಂಭಾಗ ಸುರಂಗದ ನಡುವಿಗೆ ಸರಿದಿದ್ದರಿಂದ ಸಲಾಕೆ ಓರೆಯಾಗಿ, ಒಳಗೊಳಗೇ ಗೆರೆಯಾಚೆ ಹೋಗುತ್ತಿತ್ತು.

ಯಂತ್ರ ನಿಲ್ಲಿಸಲು ಹೇಳಿ ಸಲಾಕೆ ತೋರಿಸಿದೆ. "ನೀವ ನೋಡ್ರಿ, ಹೆಂಗ ಹೊಂಟೈತಿ."

"ಖರೇ ಐತ್ರಿ ಅಕ್ಕಾರ. ಆದ್ರ ಬಾಜೂಕ ಆಕಿ ಅದಾಳಲ್ರಿ, ಕಾಲ ತಾಗಿದ್ರ?"

"ಆಕೀನ್ನ ಹಿಂದ ಸರಸೂಣು."

"ಆಕಿ ಇಲ್ದ ಕಲ್ಲಿಗೆ ಕೈ ಹಚ್ಚಂಗಿಲ್ರಿ. ಮ್ಯಾಲಿಂದ ಬಿದ್ರ ಯಾರ ಕಾಯ್ತಾರು?"

ಆ ಹೆದರಿಕೆಗೆ ನಗಲು ನನ್ನಿಂದಾಗಲಿಲ್ಲ. ನನ್ನ ತಲೆಯ ಮೇಲೂ ಅದೇ ಬಂಡೆ. ನನ್ನ ಸರ್ವೇ ಯಂತ್ರ ಇರುತ್ತಿದ್ದುದು ಹಿಂದೆ, ಸುರಂಗದ ನಟ್ಟನಡುವೆ. "ಹಂಗಾರ ನನ್ನ ಬಾಜೂಕ ಇಡ್ರಿ," ಎಂದೆ. "ಅಲ್ಲಿಂದ ನನಗ ಇಡೀ ಗೆರಿ ಕಾಣ್ತೈತಿ, ಆಕಿಗೆ ನೀವೆಲ್ಲಾರೂ ಕಾಣ್ತೀರಿ."

ಮೇಸ್ತ್ರಿ ಗಡ್ಡ ಕೆರೆದುಕೊಂಡು ಯೋಚಿಸಿದರು. ಆಮೇಲೆ ಸ್ಟೂಲನ್ನು ತಾವೇ ಎತ್ತಿಕೊಂಡು ಬಂದು ನನ್ನ ಪಕ್ಕದಲ್ಲಿಟ್ಟರು. ಆಗಷ್ಟೇ ಶುರುಮಾಡಿದ್ದ ಓರೆ ರಂಧ್ರ ಬಿಟ್ಟು, ಗೋಡೆಗೆ ಒತ್ತಿ ನಿಂತು ನೇರ ಕೊರೆದರು.

ಸಿಡಿಸಿ, ಹೊಗೆ ಇಳಿದ ಮೇಲೆ ಬಲಗೋಡೆಗೆ ಬ್ಯಾಟರಿ ಬಿಟ್ಟೆ. ರಂಧ್ರಗಳ ಅರ್ಧ ಅಚ್ಚು ಗೋಡೆಯಲ್ಲಿ ಸಾಲಾಗಿ ಉಳಿದಿತ್ತು. ಬಂಡೆ ಗೆರೆಗೆ ಸರಿಯಾಗಿ ಬಿರಿದಿದೆ ಎನ್ನಲು ಅದೇ ಗುರುತು. ಒಂದೊಂದರಲ್ಲೂ ಬೆರಳಾಡಿಸಿದೆ.

ಸಾಹೇಬರೂ ನೋಡಿದರು. "ಹಾಂ, ಇವತ್ತ ಗೆರಿ ಬರೋಬ್ಬರಿ ಹಾಕೀರಿ ನೋಡ್ರಿ."

ನಾನು ಎಳೆದದ್ದು ನಿನ್ನೆಯಂಥದೇ ಗೆರೆ. ಬ್ಯಾಟರಿ ಆರಿಸಿ ಹಿಂದೆ ತಿರುಗಿದೆ. ಮೇಸ್ತ್ರಿ ದೇವಿಯನ್ನು ಆಗಲೇ ತಂದಿಟ್ಟು, ನನ್ನ ಯಂತ್ರದ ಮೂರು ಕಾಲಿಗೂ ಕುಂಕುಮ ಹಚ್ಚುತ್ತಿದ್ದರು.

"ಆಕೀನ್ನ ನಿಮ್ಮ ಬಾಜೂಕ ಇಟ್ಟೀವ್ರಿ ಅಕ್ಕಾರ," ಎಂದರು. "ಇನ್ನ ನೀವು ಎಲ್ಲೂ ಹೋಗಂಗಿಲ್ಲ."